ಸಡಿಲಿಸುವ ಮದ್ದು

"ಇನ್ನೂ ಸ್ವಲ್ಪ ಮೇಲೆ ಕಟ್ಟು. ನನ್ನ ತಲೆಗಿಂತ ಎತ್ತರ ಇರ್ಲಿ," ಎಂದ ಲಿಸಿಯಾಟೆ, ಹಸಿರು ಬಟ್ಟೆಯ ಒಂದು ತುದಿಯನ್ನು ಹಿಡಿದುಕೊಂಡು.

ನರ್ಸ್ ಸೆಲಾ ಸ್ಟೂಲು ಹತ್ತಿ ಇನ್ನೊಂದು ತುದಿಯನ್ನು ಕಂಬಿಗೆ ಗಂಟು ಹಾಕಿದಳು. "ಇಷ್ಟೆತ್ತರ ಕಟ್ಟಿದ್ರೆ ಆ ಕಡೆ ನಿನಗೇನು ಕಾಣುತ್ತೆ?"

"ಕಾಣಬಾರದು ಅಂತಾನೇ ಕಟ್ತಿರೋದು. ನೋಡೋಕೆ ನೀನಿದ್ದೀಯಲ್ಲ. ನಾನು ಕೇಳಿದ್ದಕ್ಕೆ ಉತ್ತರ ಹೇಳು, ಸಾಕು."

ಬೇರೆ ದಿನವಾಗಿದ್ದರೆ ಈ ಪರದೆಯ ಮಾತೇ ಇರುತ್ತಿರಲಿಲ್ಲ. ಮಂಪರು ಕೊಡುವವನು ರೋಗಿಯ ತಲೆಯ ಹತ್ತಿರ ಕೂರಬೇಕು, ಮುಖ ನೋಡುತ್ತಿರಬೇಕು. ಲಿಸಿಯಾಟೆ ಹತ್ತೊಂಬತ್ತು ವರ್ಷದಿಂದ ಹಾಗೆಯೇ ಕೂತು ಬಂದವನು. ಆದರೆ ಇವತ್ತು ಆಪರೇಷನ್ ಮೇಜಿನ ಮೇಲೆ ಮಲಗಬೇಕಾದವಳು ಅವನ ಅಕ್ಕ ಮೆಲೆನೈತೆ. ತೋಂಗಾದ ಗಂಡುಮಗ ಹನ್ನೆರಡು ತುಂಬಿದ ಮೇಲೆ ಅಕ್ಕತಂಗಿಯರು ಮಲಗುವ ಸೂರಿನಡಿ ಮಲಗುವುದಿಲ್ಲ. ಅಕ್ಕ ಒಳಗೆ ಬಂದರೆ ಕಾಲು ಚಾಚಿದ್ದವನು ಮಡಿಸಿಕೊಳ್ಳುತ್ತಾನೆ. ಇಬ್ಬರೂ ಇರುವ ಕಡೆ ಮೂರನೆಯವನು ಪೋಲಿ ಮಾತೊಂದನ್ನು ಆಡಿದರೆ ಒಬ್ಬರು ಎದ್ದು ಹೊರಗೆ ಹೋಗಲೇಬೇಕು. ಲಿಸಿಯಾಟೆಗೆ ಈಗ ನಲವತ್ತಾರು. ಅಕ್ಕನ ಎದುರು ಹತ್ತು ನಿಮಿಷ ಒಬ್ಬನೇ ಕೂತದ್ದು ಅವನಿಗೆ ನೆನಪಿಲ್ಲ. ಆದರೇನು ಮಾಡುವುದು, ಉತ್ತರದ ಆ ದ್ವೀಪಗಳಿಗೆಲ್ಲ ಮನುಷ್ಯರನ್ನು ಮಲಗಿಸಿ ಎಬ್ಬಿಸುವ ವಿದ್ಯೆ ಕಲಿತವನು ಅವನೊಬ್ಬನೇ.

ಮೂರು ವಾರದ ಮಟ್ಟಿಗೆ ನ್ಯೂಜಿಲೆಂಡಿನಿಂದ ಬಂದಿದ್ದ ಬಿಳಿ ಡಾಕ್ಟರು ಪೆಲ್ ಹಿಂದಿನ ದಿನವೇ ಕೇಳಿದ್ದ. "ಬೆನ್ನಿಗೊಂದು ಸೂಜಿ ಹಾಕು, ಸೊಂಟದ ಕೆಳಗೆ ಮರಗಟ್ಟುತ್ತೆ, ಮುಗೀತು. ಈ ಹಳೇ ಮೆಷಿನ್ನಿಗೆ ಅದೇ ಕ್ಷೇಮ ಅಲ್ವಾ?"

"ಪೂರ್ತಿ ಮಲಗಿಸ್ತೀನಿ ಡಾಕ್ಟ್ರೇ. ನಮ್ಮ ನೆಂಟರು. ಎಚ್ಚರ ಇದ್ರೆ ಅವರಿಗೆ ಮುಜುಗರ."

"ಈ ದ್ವೀಪದಲ್ಲಿ ನಿನ್ನ ನೆಂಟರಲ್ಲದೇ ಇರೋ ಒಬ್ಬನ್ನ ತೋರ್ಸು ನೋಡೋಣ!" ಎಂದು ಪೆಲ್ ನಕ್ಕು ಸುಮ್ಮನಾದ. ಒಳ್ಳೆಯ ಮನುಷ್ಯ, ಕೈ ಚಳಕದವನು, ಬಾಯಿ ಮಾತ್ರ ಸುಮ್ಮನಿರುವುದಿಲ್ಲ. ಅಕ್ಕ ಎಂದು ಅವನಿಗೆ ಹೇಳಬಹುದಿತ್ತು. ಅಕ್ಕನ ಗರ್ಭದ ಗೆಡ್ಡೆಯ ವಿಷಯವನ್ನು ಇನ್ನೊಬ್ಬ ಗಂಡಸಿನ ಹತ್ತಿರ ಮಾತಾಡುವಾಗ ಆ ಶಬ್ದ ಲಿಸಿಯಾಟೆಯ ಬಾಯಿಂದ ಹೊರಡಲಿಲ್ಲ.

ಪರದೆ ಕಟ್ಟಿಯಾದ ಮೇಲೆ ಅವನು ಮಂಪರಿನ ದ್ರವದ ಬಾಟಲಿ ತೆಗೆದು ಮೆಷಿನ್ನಿನ ಹತ್ತಿರ ಹೋದ. ಆ ದ್ರವ ಆವಿಯಾಗಿ ಉಸಿರಿನ ಜೊತೆ ಹೋದರೆ ರೋಗಿಗೆ ನಿದ್ದೆ. ಎಷ್ಟು ಉಳಿದಿದೆ ಎಂದು ತೋರಿಸಲು ಡಬ್ಬಿಗೆ ಬೆರಳಗಲದ ಗಾಜಿನ ಕಿಟಕಿ ಇದೆ. ಹಿಂದಿನ ದಿನದ ಎರಡು ಆಪರೇಷನ್ನಿನಿಂದ ಅದು ತಳ ಕಂಡಿತ್ತು. ಬಾಟಲಿಯ ಮುಚ್ಚಳ ಬಿಚ್ಚಿದ್ದನಷ್ಟೆ, ಬಾಗಿಲು ತಳ್ಳಿಕೊಂಡು ಗಾಡಿ ಒಳಗೆ ಬಂತು. ಹೊದಿಕೆ ಜಾರಿ ಅಕ್ಕನ ಒಂದು ಭುಜ ಬರಿದಾಗಿತ್ತು. ಲಿಸಿಯಾಟೆ ಕಂಡೂ ಕಾಣದವನಂತೆ ಬಾಟಲಿಯನ್ನು ಅಲ್ಲೇ ತಟ್ಟೆಯಲ್ಲಿಟ್ಟು ಪಕ್ಕದ ಬಾಗಿಲಿನಿಂದ ಹೊರಗೆ ಹೋಗಿ, ಗೋಡೆ ನೋಡುತ್ತ ನಿಂತ. ಒಳ್ಳೆಯ ತಮ್ಮ ಮಾಡಬೇಕಾದದ್ದೇ ಅದು.

"ಬಾ, ಹೊದಿಸಿದ್ದಾಯ್ತು," ಎಂದು ಸೆಲಾ ಕರೆದಾಗ ಒಳಗೆ ಬಂದು ಮುಂದಿನ ಕೆಲಸಕ್ಕೆ ಕೈ ಹಾಕಿದ.

ರಕ್ತನಾಳಕ್ಕೆ ನಿದ್ದೆಯ ಮದ್ದು ಕೊಟ್ಟ. ಅದು ಹತ್ತು ನಿಮಿಷದ ನಿದ್ದೆ. ಅಷ್ಟರಲ್ಲಿ ಮೆಷಿನ್ನಿನ ಆವಿ ಹಿಡಿದುಕೊಳ್ಳಬೇಕು. ಅದರ ಹಿಂದೆಯೇ ಸಡಿಲಿಸುವ ಮದ್ದು. ಅದು ಮಾಂಸಖಂಡಗಳನ್ನೆಲ್ಲ ಸಡಿಲ ಮಾಡುತ್ತದೆ. ಅದಿಲ್ಲದಿದ್ದರೆ ಹೊಟ್ಟೆ ಹಲಗೆಯ ಹಾಗೆ ಸೆಟೆದುಕೊಂಡು ಡಾಕ್ಟರಿಗೆ ಕೈ ಆಡಿಸಲಾಗುವುದಿಲ್ಲ. ಆದರೆ ಅದರಿಂದ ನಿದ್ದೆ ಬರುವುದಿಲ್ಲ, ನೋವೂ ಹೋಗುವುದಿಲ್ಲ. ರೆಪ್ಪೆಯಿಂದ ಉಸಿರಿನವರೆಗೆ ಎಲ್ಲವನ್ನೂ ಕಟ್ಟಿಹಾಕುತ್ತದೆ, ಅಷ್ಟೆ. "ಇದನ್ನ ಕೊಟ್ಟ ಮೇಲೆ ರೋಗಿ ಸತ್ತರೂ ಹೇಳಲ್ಲ, ಎಚ್ಚರ ಇದ್ರೂ ಹೇಳಲ್ಲ. ಅವನ ಪರವಾಗಿ ನೀವೇ ನೋಡ್ಬೇಕು ಕಣ್ರಯ್ಯಾ," ಎಂದು ಫಿಜಿಯ ಸೂವಾದಲ್ಲಿ ಪಾಠ ಹೇಳಿದ ಮುದಿ ಮೇಷ್ಟ್ರು ಮೇಜು ಕುಟ್ಟುತ್ತಿದ್ದರು.

ಗಂಟಲಿಗೆ ನಳಿಕೆ ಇಳಿಸುವಾಗ ಮಾತ್ರ ಅಕ್ಕನ ಮುಖವನ್ನು ಮುಟ್ಟಬೇಕಾಯಿತು. ಆ ಒಂದು ನಿಮಿಷವನ್ನು ದೇವರು ಲೆಕ್ಕಕ್ಕಿಡದಿರಲಿ ಎಂದುಕೊಂಡು, ಕಣ್ಣಿಗೆ ಟೇಪು ಅಂಟಿಸಿ, ಮುಖದ ಮೇಲೆ ಬಿಳಿ ಬಟ್ಟೆ ಹಾಕಿ, ಪರದೆಯ ಈಚೆ ಬಂದು ಬೆನ್ನು ತಿರುಗಿಸಿ ಕೂತ. ಮದ್ದು ಹೋಗುವ ಕೊಳವೆಯ ತುದಿ ಅವನ ಕೈಯಲ್ಲಿತ್ತು. ತುಂಬಿಟ್ಟ ಸಿರಿಂಜುಗಳು ಮಡಿಲಲ್ಲಿದ್ದವು. ಮಿಕ್ಕದ್ದೆಲ್ಲ ಆಚೆ.

ಪೆಲ್ ಚರ್ಮ ಕೊಯ್ದ. ಸ್ವಲ್ಪ ಹೊತ್ತಿಗೆ ಸೆಲಾ ಕೂಗಿದಳು. "ನಾಡಿ ನೂರ ಮೂವತ್ತು. ಬಿ.ಪಿ.ನೂ ಏರ್ತಿದೆ."

"ಮೆಷಿನ್ನಿನ ಮುಳ್ಳು ಎಷ್ಟರಲ್ಲಿದೆ?"

"ಎರಡರಲ್ಲಿದೆ."

ಮುಳ್ಳು ಎರಡರಲ್ಲೇ ಇತ್ತು. ಡಬ್ಬಿಯ ಕಿಟಕಿ ನೋಡು ಎಂದು ಅವನು ಕೇಳಲಿಲ್ಲ, ಕೇಳದ್ದನ್ನು ಅವಳು ನೋಡಲಿಲ್ಲ. ಅಕ್ಕನಿಗೆ ಮೊದಲೇ ರಕ್ತದೊತ್ತಡ, ಇಷ್ಟು ಏರುವುದು ಸಹಜ ಎಂದುಕೊಂಡು ನೋವಿನ ಮದ್ದನ್ನು ತುಸು ಕೊಟ್ಟ.

"ಲಿಸಿಯಾಟೆ, ಹೊಟ್ಟೆ ಬಿಗಿ ಮಾಡ್ತಿದ್ದಾಳಪ್ಪ!" ಪೆಲ್ ಗೊಣಗಿದ. "ಕೈ ಹಾಕೋಕೆ ಬಿಡ್ತಿಲ್ಲ. ಸಡಿಲ ಮಾಡು."

ಹೊಟ್ಟೆ ಬಿಗಿಯಾದರೆ ಮೊದಲು ಕೇಳಬೇಕಾದ ಪ್ರಶ್ನೆ ರೋಗಿ ಮಲಗಿದ್ದಾಳೆಯೇ ಎಂಬುದು. ಬೇರೆಯವರ ಮನೆಯ ಹೆಂಗಸಾಗಿದ್ದರೆ ಅವನು ಎದ್ದು ಬಟ್ಟೆ ಸರಿಸಿ ಕಣ್ಣು ನೋಡುತ್ತಿದ್ದ. ಅಕ್ಕ ಹೊಟ್ಟೆ ಸೀಳಿಸಿಕೊಂಡು ಮಲಗಿರುವ ಕಡೆಗೆ ತಿರುಗುವುದು ಹೇಗೆ? ಕೂತಲ್ಲಿಂದಲೇ ಸಿರಿಂಜು ತೆಗೆದು ಕೊಳವೆಗೆ ಇನ್ನಷ್ಟು ಸಡಿಲಿಸುವ ಮದ್ದು ಒತ್ತಿದ.

"ಹಾಂ, ಈಗ ಬೆಣ್ಣೆ!" ಎಂದ ಪೆಲ್.

ಕಾಲು ಗಂಟೆಯಲ್ಲಿ ಗೆಡ್ಡೆ ಹೊರಗೆ ಬಂತು. ತಟ್ಟೆಗೆ ಬಿದ್ದ ಸದ್ದು ಪರದೆಯ ಈಚೆಗೂ ಕೇಳಿಸಿತು. "ಅಬ್ಬಾ, ಆರು ತಿಂಗಳ ಮಗುವಿನಷ್ಟಿದೆ! ಇವಳಿಗೆ ಮದುವೆ ಆಗಿಲ್ಲ ಅಂತ ಕಾಗದದಲ್ಲಿ ಬರೆದಿದೀರಿ. ಇದಕ್ಕೆ ಅಪ್ಪ ಯಾರು ಹಾಗಾದ್ರೆ? ನೆಂಟ ಅಂತೀಯಲ್ಲ ಲಿಸಿಯಾಟೆ, ಹೇಳು, ಯಾರ ಮೇಲಾದ್ರೂ ಅನುಮಾನ ಇದ್ಯಾ?"

ಸೆಲಾಳ ಕೈಯಿಂದ ಇಕ್ಕಳ ಜಾರಿತು. ತೋಂಗಾದವನೊಬ್ಬ ಈ ಮಾತು ಆಡಿದ್ದರೆ ಹಲ್ಲು ಉಳಿಯುತ್ತಿರಲಿಲ್ಲ. ಆಡಿದವನು ಅತಿಥಿ, ಏನೂ ಅರಿಯದವನು, ಉತ್ತರಕ್ಕೆ ಕಾಯುತ್ತಿದ್ದಾನೆ. ಅತಿಥಿಯ ಮುಖ ಮುರಿಯಬಾರದು. ಅಕ್ಕ ಹೇಗೂ ನಿದ್ದೆಯಲ್ಲಿದ್ದಾಳೆ. ಲಿಸಿಯಾಟೆ ನಕ್ಕ. ದೊಡ್ಡ ನಗುವೇನಲ್ಲ, ಮರ್ಯಾದೆಗೆ ನಗುವಷ್ಟು.

ಹೊಲಿಗೆ ಶುರುವಾದಾಗ ಹೊಸ ಸಿರಿಂಜು ಬೇಕಾಗಿ ಪರದೆಯ ಅಂಚಿನಿಂದ ಆಚೆಯ ತಟ್ಟೆಗೆ ಕೈ ಚಾಚಿದ. ಮುಚ್ಚಳ ಬಿಚ್ಚಿದ ಬಾಟಲಿ ಬೆಳಿಗ್ಗೆ ಇಟ್ಟಲ್ಲೇ ತುಂಬಿಕೊಂಡು ನಿಂತಿತ್ತು. ಪರದೆ ಸರಿಸಿ ಮೆಷಿನ್ನಿನ ಕಿಟಕಿಗೆ ಕಣ್ಣಿಟ್ಟ. ಒಂದು ಹನಿ ಇರಲಿಲ್ಲ. ಸುರಿಯುತ್ತ ಚೆಲ್ಲುತ್ತ ಡಬ್ಬಿ ತುಂಬಿಸಿ ಮುಳ್ಳನ್ನು ಕೊನೆಯವರೆಗೆ ತಿರುಗಿಸಿದ. ಆಮೇಲೆ ಮುಖದ ಬಟ್ಟೆ ಎತ್ತಿದ. ಎರಡು ಕಣ್ಣಿನ ಟೇಪೂ ನೆಂದು ಎದ್ದು ಬಂದಿತ್ತು. ಕಿವಿಯ ಹತ್ತಿರ ಕೂದಲು ಒದ್ದೆಯಾಗಿತ್ತು.

"ಏನಾಯ್ತು?" ಎಂದಳು ಸೆಲಾ, ಮೆಲ್ಲಗೆ.

"ಏನಿಲ್ಲ. ಕಣ್ಣಿನ ಮುಲಾಮು ಕರಗಿದೆ."

ಎಲ್ಲ ಮುಗಿದ ಮೇಲೆ ವರದಿಯ ಹಾಳೆಯಲ್ಲಿ, ಯಾವ ತೊಂದರೆಯೂ ಇಲ್ಲದೆ ಮುಗಿಯಿತು ಎಂದು ಬರೆದು ಸಹಿ ಹಾಕಿದ. ಬೆಕ್ಕು ಕಣ್ಣು ಮುಚ್ಚಿಕೊಂಡೇ ಹಾಲು ಕುಡಿಯುವುದು.

ಅವನಿಗೆ ಇದ್ದ ಭಯ ಕೆಲಸದ್ದಲ್ಲ. ಹದಿನೆಂಟು ದಿನಕ್ಕೆ ಮಗಳು ಎಮೆಲಿಯ ಮದುವೆ. ತೋಂಗಾದಲ್ಲಿ ಮದುವೆಗೆ ಪಾದ್ರಿ ಇಲ್ಲದಿದ್ದರೂ ನಡೆದೀತು, ಸೋದರತ್ತೆ ಇಲ್ಲದೆ ನಡೆಯದು. ಎಲ್ಲರಿಗಿಂತ ಎತ್ತರದಲ್ಲಿ ಕೂರುವವಳು ಅವಳು, ಒಳ್ಳೆಯ ಚಾಪೆ, ಕೇಕಿನ ಮೇಲಿನ ಅಂತಸ್ತು ಅವಳಿಗೆ. ಅವಳು ಮನಸ್ಸು ಮುರಿದುಕೊಂಡರೆ ತಮ್ಮನ ಮಗಳ ಬಸಿರು ನಿಲ್ಲದು ಎಂದು ಓದಿದವರೂ ನಂಬುತ್ತಾರೆ, ಲಿಸಿಯಾಟೆಯೂ ನಂಬುತ್ತಾನೆ. ಎಮೆಲಿಗೆ ಈಗಾಗಲೇ ಮೂರು ತಿಂಗಳು ಎಂಬುದು ಮನೆಯೊಳಗಿನ ಗುಟ್ಟು.

ಅಕ್ಕನನ್ನು ತಾನು ಕೇಳುವ ಹಾಗಿಲ್ಲ. ಸೆಲಾಳನ್ನು ವಾರ್ಡಿಗೆ ಕಳಿಸಿದ.

"ನಿದ್ದೆ ಚೆನ್ನಾಗಿ ಬಂತಾ ಅಂತ ಕೇಳ್ದೆ," ಎಂದು ಅವಳು ಹಿಂದಿರುಗಿ ಹೇಳಿದಳು. "ನನ್ನ ಮುಖಾನೇ ನೋಡಿದ್ರು. ಆಮೇಲೆ, ನನ್ನ ತಮ್ಮ ಮಲಗಿಸಿದ ಮೇಲೆ ನಿದ್ದೆ ಬರದೇ ಇರುತ್ತಾ ಅಂದ್ರು."

ಹೋದ ಜೀವ ಬಂದಂತಾಯಿತು. ಆ ದಿನ ಲಿಸಿಯಾಟೆ ಎರಡು ತಟ್ಟೆ ಊಟ ಮಾಡಿದ.

ಮರುದಿನ ಅವನ ಹೆಂಡತಿ ವಿಕಾ ನಾದಿನಿಗೆಂದು ಕೆಸುವಿನೆಲೆಯಲ್ಲಿ ಕಟ್ಟಿ ಬೇಯಿಸಿದ ಮಾಂಸ ತೆಗೆದುಕೊಂಡು ಆಸ್ಪತ್ರೆಗೆ ಹೋಗಿ ಮಧ್ಯಾಹ್ನ ಮನೆಗೆ ಬಂದಳು. ಅಂಗಳದಲ್ಲಿ ಹೆಂಗಸರು ಮದುವೆಯ ನಾರುಬಟ್ಟೆಗೆ ಬಣ್ಣ ಬಳಿಯುತ್ತಿದ್ದರು. ಲಿಸಿಯಾಟೆ ಜಗಲಿಯ ಮೇಲೆ ಗೆಣಸು ಸುಲಿಯುತ್ತಿದ್ದ.

"ನಿಮ್ಮಕ್ಕ ಒಂದು ತುತ್ತೂ ಮುಟ್ಟಲಿಲ್ಲ," ಎಂದಳು ವಿಕಾ. "ಮದುವೆ ದಿನ ಕುರ್ಚಿ ಹಾಕಿಸ್ತೀವಿ, ಹೊಲಿಗೆ ನೋಯಲ್ಲ ಅಂದೆ. ಅದಕ್ಕೆ ಏನೋ ಒಗಟು ಹೇಳಿದ್ರಪ್ಪ."

"ಏನಂದ್ಳು?"

"'ಆ ಮಗುವಿನ ಅಪ್ಪ ಯಾರು ಅಂತ ಡಾಕ್ಟ್ರಿಗೆ ಗೊತ್ತಾಯ್ತಾ ಅಂತ ನಿನ್ನ ಗಂಡನ್ನ ಕೇಳು. ಅವನು ಉತ್ತರ ಕೊಟ್ಟ ಮೇಲೆ ಮದುವೆ ಮಾತು.' ಯಾವ ಮಗು? ಎಮೆಲಿ ವಿಷಯ ಅವರಿಗೆ ಯಾರು ಹೇಳಿದ್ರು? ನೀನೇನಾದ್ರೂ ಬಾಯಿ ಬಿಟ್ಯಾ?"

ಚಾಕು ಜಾರಿ ಲಿಸಿಯಾಟೆಯ ಹೆಬ್ಬೆರಳು ಕೊಯ್ದಿತು. ರಕ್ತವನ್ನು ನೋಡುತ್ತಲೇ ಅವನು ಹೇಳಿದ. "ಮದ್ದಿನ ಮಂಪರು ಅದು. ಕೆಲವರಿಗೆ ತಲೆ ನೆಟ್ಟಗಿರಲ್ಲ, ಆಗದ್ದೆಲ್ಲ ಆದ ಹಾಗೆ ಕಾಣುತ್ತೆ."

"ಅಯ್ಯೋ, ಹೆಡ್‌ಮಿಸ್‌ಗೇ ಹೀಗಾ! ಸರಿ ಹೋಗುತ್ತಾ?"

"ಹೋದ್ರೂ ಹೋಗಬಹುದು."

ಆ ಒಂದು ಮಾತು ನಾರುಬಟ್ಟೆಯ ಸುತ್ತ ಕೂತ ಹೆಂಗಸರ ಕಿವಿಗೆ ಬಿತ್ತು. ಇಪ್ಪತ್ತೆರಡು ವರ್ಷ ಹುಡುಗಿಯರ ಶಾಲೆ ನಡೆಸಿದ, ಚರ್ಚಿನ ಹಾಡಿನ ಮೇಳವನ್ನು ಕಣ್ಣಲ್ಲೇ ನಿಲ್ಲಿಸುತ್ತಿದ್ದ ಮೆಲೆನೈತೆಗೆ ಬುದ್ಧಿ ಕೆಟ್ಟಿದೆ, ಮಗು ಮಗು ಅಂತಾಳಂತೆ ಎಂದು ಭಾನುವಾರದ ಪ್ರಾರ್ಥನೆಯ ಹೊತ್ತಿಗೆ ಊರೇ ಮಾತಾಡಿತು. ಪಾದ್ರಿ ಅವಳಿಗಾಗಿ ಬೇರೆಯಾಗಿ ಪ್ರಾರ್ಥನೆ ಮಾಡಿಸಿದ. ಲಿಸಿಯಾಟೆ ಮುಂದಿನ ಸಾಲಿನಲ್ಲಿ, ಅಲ್ಲಿಯ ಮರ್ಯಾದೆಯ ಉಡುಪಿನಂತೆ ಸೊಂಟಕ್ಕೆ ಚಾಪೆ ಸುತ್ತಿಕೊಂಡು ತಲೆ ಬಾಗಿಸಿ, ಗಟ್ಟಿಯಾಗಿ 'ಆಮೆನ್' ಎಂದ. ಸುಳ್ಳು ಹೇಳಿದ್ದಕ್ಕೆ ನಾಚಿಕೆಯಾಯಿತು. ಊರು ನಂಬಿದ್ದಕ್ಕೆ ಅದಕ್ಕಿಂತ ಹೆಚ್ಚು ಸಮಾಧಾನವಾಯಿತು.

ಪ್ರಾರ್ಥನೆಯ ಸುದ್ದಿಯನ್ನು ಮೆಲೆನೈತೆಯ ಮಂಚದ ಹತ್ತಿರ ಯಾರು ಒಯ್ದರೋ ಗೊತ್ತಿಲ್ಲ. ಅಂಥ ಸುದ್ದಿ ಒಯ್ಯುವವರಿಗೆ ಯಾವ ಊರಲ್ಲೂ ಬರವಿಲ್ಲ.

ಸೋಮವಾರ ಬೆಳಿಗ್ಗೆ ಅವಳ ಗಾಯ ಊದಿಕೊಂಡು ಹೊಲಿಗೆಯ ನಡುವೆ ಕಪ್ಪು ರಕ್ತ ಜಿನುಗಿತು. ಒಳಗೆ ರಕ್ತ ಹೆಪ್ಪುಗಟ್ಟಿದೆ, ಇವತ್ತೇ ತೆರೆದು ತೆಗೆಯಬೇಕು ಎಂದ ಪೆಲ್. ರಾಜಧಾನಿಯಿಂದ ಬೇರೆ ಮಂಪರು ಡಾಕ್ಟರನ್ನು ಕರೆಸೋಣ ಎಂದು ಲಿಸಿಯಾಟೆ ಗೋಗರೆದ. ವಿಮಾನ ಇದ್ದದ್ದು ಬುಧವಾರಕ್ಕೆ.

ಸೆಲಾ ವಾರ್ಡಿನಿಂದ ಬಂದು ಅವನ ಎದುರು ನಿಂತಳು. "ಪೂರ್ತಿ ಮಲಗಲ್ಲವಂತೆ. ಬೆನ್ನಿಗೇ ಚುಚ್ಚಬೇಕಂತೆ. ನಿನ್ನ ಕಡೆ ಪರದೆ ಕಟ್ಟಬಾರದಂತೆ. ನೀನು ಮುಖದ ಹತ್ತಿರಾನೇ ಕೂರಬೇಕಂತೆ." ಬಾಗಿಲು ಮುಂದೆ ಮಾಡಿ ಮತ್ತೆ ಹೇಳಿದಳು. "ಅವರಿಗೆ ತಲೆ ಕೆಟ್ಟಿಲ್ಲ ಲಿಸಿಯಾಟೆ. ನಿನಗೂ ಗೊತ್ತು, ನನಗೂ ಗೊತ್ತು. ಪೆಲ್ ಡಾಕ್ಟ್ರಿಗೆ ನೀನು ಹೇಳ್ತೀಯೋ, ನಾನು ಹೇಳ್ಲೋ?"

"ಮದುವೆ ಕಳೀಲಿ ಸೆಲಾ. ನಿನ್ನ ಕಾಲಿಗೆ ಬೀಳ್ತೀನಿ."

ಸೆಲಾ ಕೈ ತೊಳೆಯಲು ಹೋದಳು.

ಗಾಡಿ ಬಂದಾಗ ಅವನು ಹೊರಗೆ ಹೋಗಲು ತಿರುಗಿದ. "ನಿಲ್ಲು," ಎಂದಳು ಮೆಲೆನೈತೆ. ತೋಂಗಾದಲ್ಲಿ ಅಕ್ಕನ ಮಾತನ್ನು ತಮ್ಮ ಮೀರುವಂತಿಲ್ಲ, ಅವನು ದೊರೆಯೇ ಆಗಿರಲಿ. ನಿಂತ. ಅವಳನ್ನು ಕೂರಿಸಿ, ಅಂಗಿಯ ದಾರ ಬಿಚ್ಚಿ, ಬರಿ ಬೆನ್ನಿನ ಮೇಲೆ ಮೂಳೆಗಳನ್ನು ಬೆರಳಿನಿಂದ ಎಣಿಸಿ ಸೂಜಿ ಹಾಕಿದ. ಅವಳ ಬೆನ್ನು ಅಲುಗಲಿಲ್ಲ. ಎದೆಯ ಕೆಳಗೆ ಪೆಲ್‌ನ ಹಸಿರು ಬಟ್ಟೆ ಅಡ್ಡ ಬಂತು. ಈಚೆಗೆ ಅಕ್ಕ ತಮ್ಮ ಇಬ್ಬರೇ.

"ಚಿವುಟಿದ್ದು ಗೊತ್ತಾಗುತ್ತಾ?" ಎಂದು ಪೆಲ್ ಇಂಗ್ಲಿಷಿನಲ್ಲಿ ಕೇಳಿದ.

"ಇಲ್ಲ ಡಾಕ್ಟರ್, ನೀವು ಶುರು ಮಾಡಿ," ಎಂದು ಅವಳು ಅಷ್ಟೇ ಅಚ್ಚುಕಟ್ಟಾದ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟಳು. ಆಮೇಲೆ ತೋಂಗಾದ ಮಾತಿಗೆ ತಿರುಗಿದಳು. "ಲಿಸಿಯಾಟೆ."

"ಅಕ್ಕಾ."

"ನನ್ನ ಮುಖ ನೋಡು. ನೆಲ ಅಲ್ಲ."

ನೋಡಿದ. ಅಕ್ಕನ ಹುಬ್ಬುಗಳಲ್ಲಿ ಬಿಳಿ ಕೂದಲು ಬಂದದ್ದು ಅವನಿಗೆ ಗೊತ್ತಿರಲಿಲ್ಲ.

"ಅವತ್ತು ಹೊಟ್ಟೆ ಬಿಗಿ ಮಾಡಿದೋಳು ನಾನೇ," ಎಂದಳು ಅವಳು, ಮಕ್ಕಳಿಗೆ ಲೆಕ್ಕ ಹೇಳಿಕೊಡುವ ದನಿಯಲ್ಲಿ. "ಕಣ್ಣು ಬಿಡೋಕಾಗ್ಲಿಲ್ಲ. ನಾಲಗೆ ಎತ್ತೋಕಾಗ್ಲಿಲ್ಲ. ಉಸಿರು ಕೂಡ ನನ್ನದಲ್ಲ, ಮೆಷಿನ್ನಿಂದು. ಆ ಮನುಷ್ಯ ಒಳಗೆ ಕೈ ಹಾಕಿ ಕಿತ್ತಿದ್ದು ಒಂದೊಂದೂ ಗೊತ್ತಾಗ್ತಿತ್ತು. ಬರ್ತಾ ಬರ್ತಾ ಹೊಟ್ಟೇಲಿ ಒಂಚೂರು ಬಲ ಬಂತು. ತಮ್ಮ ಇಲ್ಲೇ ಇದಾನಲ್ಲ, ಅವನಿಗೆ ಇದು ಅರ್ಥ ಆಗುತ್ತೆ ಅಂತ ಇದ್ದಬದ್ದದ್ದೆಲ್ಲ ಹಾಕಿ ಬಿಗಿ ಮಾಡ್ದೆ. ನೀನು ಅದನ್ನೂ ಕಿತ್ಕೊಂಡೆ."

"ಗೊತ್ತಾಗ್ಲಿಲ್ಲ ಅಕ್ಕಾ. ದೇವರಾಣೆ."

"ಅವತ್ತು ಗೊತ್ತಾಗ್ಲಿಲ್ಲ. ನನಗೆ ಹುಚ್ಚು ಅಂತ ಊರಿಗೆ ಹೇಳುವಾಗ?"

ಪರದೆಯ ಆಚೆ ಸೆಲಾ ರಕ್ತದ ಬಟ್ಟೆಗಳನ್ನು ಒಂದೊಂದಾಗಿ ತಟ್ಟೆಗೆ ಹಾಕುತ್ತ ಎಣಿಸುತ್ತಿದ್ದಳು. ನಾಲ್ಕು, ಐದು.

"ಹೆದರಬೇಡ. ಎಮೆಲಿ ಮದುವೆಗೆ ಬರ್ತೀನಿ," ಎಂದಳು ಮೆಲೆನೈತೆ. "ಆ ಮಗು ನನಗೇನು ಮಾಡಿದೆ? ಮೇಲೇ ಕೂತ್ಕೋತೀನಿ. ಅವಳ ಹೊಟ್ಟೆ ಮೇಲೆ ಕೈ ಇಟ್ಟು ಹರಸ್ತೀನಿ. ನೋವಿನ ವಿಷಯಾನೂ ಬಿಟ್ಟೆ. ಕೊಯ್ದ ಜಾಗ ಇವತ್ತಲ್ಲ ನಾಳೆ ಮಾಯುತ್ತೆ."

ಲಿಸಿಯಾಟೆಯ ಕಣ್ಣಿನಿಂದ ನೀರು ಇಳಿಯಿತು. ಅಕ್ಕನ ಕೈ ಹಿಡಿಯಬೇಕು ಅನ್ನಿಸಿತು, ಮುಟ್ಟಲು ಧೈರ್ಯವಾಗಲಿಲ್ಲ. "ನೀನು ದೊಡ್ಡೋಳು ಅಕ್ಕಾ," ಎಂದ.

"ಈಗ ನಗು."

"ಅಕ್ಕಾ?"

"ಅವನು ಆ ಮಾತು ಕೇಳಿದಾಗ ನಕ್ಕೆಯಲ್ಲ. ನಿನ್ನ ನಗು ನಾನು ಕೇಳಿದ್ದು ಚಿಕ್ಕಂದಿನಲ್ಲಿ, ಆಮೇಲೆ ಅವತ್ತೇ. ಮುಖ ಹೇಗಿತ್ತು ಅಂತ ನೋಡೋಕಾಗ್ಲಿಲ್ಲ. ನೋಡ್ಬೇಕು. ನಗು."

"ಬೇಡ ಅಕ್ಕಾ. ಬೇರೆ ಏನು ಬೇಕಾದ್ರೂ ಹೇಳು."

"ನಗು ಅಂದೆ."

ಅಕ್ಕನ ಮಾತು. ಲಿಸಿಯಾಟೆ ತುಟಿ ಅಗಲಿಸಿದ. ಮೊದಲು ಗಂಟಲಲ್ಲಿ ಗೊರಗೊರ ಎಂದಿತು, ಆಮೇಲೆ ಹ್ಹ ಹ್ಹ ಎಂದು ಒಂದು ಸದ್ದು ಹೊರಬಂತು. ಅವಳು ರೆಪ್ಪೆ ಮಿಟುಕಿಸದೆ ನೋಡುತ್ತಿದ್ದಳು.

"ಏನ್ರಪ್ಪ ಅದು ಜೋಕು?" ಪರದೆಯ ಆಚೆಯಿಂದ ಪೆಲ್ ಖುಷಿಯಾಗಿ ಕೂಗಿದ. "ಇಂಗ್ಲಿಷಲ್ಲಿ ಹೇಳಿ, ನಾನೂ ನಗ್ತೀನಿ!" ಯಾರೂ ಹೇಳಲಿಲ್ಲ. ಹೇಳದಿದ್ದರೂ ಅವನು ನಕ್ಕ, ರೋಗಿ ಗೆಲುವಾಗಿದ್ದಾಳೆ ಎಂಬ ಸಂತೋಷಕ್ಕೆ.

"ಇನ್ನೊಂದ್ಸಲ," ಎಂದಳು ಮೆಲೆನೈತೆ.

ಸೆಲಾಳಿಗೆ ಲೆಕ್ಕ ತಪ್ಪಿತು. ತಟ್ಟೆಯಲ್ಲಿದ್ದ ಬಟ್ಟೆಗಳನ್ನೆಲ್ಲ ನೆಲಕ್ಕೆ ಸುರುವಿ, ಮಂಡಿಯೂರಿ ಕೂತು, ಒದ್ದೆ ತುಂಡುಗಳನ್ನು ಒಂದರಿಂದೊಂದು ಬಿಡಿಸಿ ಸಾಲಾಗಿ ಇಡತೊಡಗಿದಳು. ಒಂದು. ಎರಡು. ಮೂರು.